ಅಣುಗಳಲ್ಲಿ ಮತ್ತು ಪ್ರೋಟೀನುಗಳಲ್ಲಿ ಎಲೆಕ್ಟ್ರಾನ್ ಸಂಚಾರ

ಅಣುವಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ, ಇಲ್ಲವೆ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಎಲೆಕ್ಟ್ರಾನು ವರ್ಗವಾಗುವ ಕ್ರಿಯೆ. ಕಬ್ಬಿಣ ತುಕ್ಕು ಹಿಡಿಯುವುದು, ಬ್ಯಾಟರಿಯಿಂದ ವಿದ್ಯುತ್ತು ಬರುವುದು, ಎಲೆಗಳು ಬಿಸಿಲನ್ನು ಆಹಾರವಾಗಿಸುವುದು, ಉಸಿರಾಡಿದ ಆಮ್ಲಜನಕ ಜೀವಕೋಶದೊಳಗೆ ನೀರಾಗುವುದು - ಇವೆಲ್ಲದರ ತಳದಲ್ಲಿ ಇರುವುದು ಇದೇ ಕ್ರಿಯೆ. ಎಲೆಕ್ಟ್ರಾನು ಕೊಡುವ ಘಟಕ ದಾತ, ಪಡೆಯುವ ಘಟಕ ಗ್ರಾಹಿ. ದಾತ ಉತ್ಕರ್ಷಣೆಗೊಳ್ಳುತ್ತದೆ, ಗ್ರಾಹಿ ಅಪಕರ್ಷಣೆಗೊಳ್ಳುತ್ತದೆ. ಎರಡೂ ಒಂದಕ್ಕೊಂದು ತಾಗಿಕೊಂಡಿದ್ದರೆ ವಿವರಣೆ ಸುಲಭ. ಆದರೆ ಜೀವಿಗಳ ಪ್ರೋಟೀನುಗಳಲ್ಲಿ ಇವುಗಳ ನಡುವೆ 10, 15, ಕೆಲವೊಮ್ಮೆ 20 ಆಂಗ್‌ಸ್ಟ್ರಾಮ್‌ಗಳ ಅಂತರವಿರುತ್ತದೆ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ. ಇಂಗಾಲದ ಎರಡು ಪರಮಾಣುಗಳ ನಡುವಿನ ಏಕಬಂಧದ ಉದ್ದ 1.54 ಆಂಗ್‌ಸ್ಟ್ರಾಮ್. ಅಂದರೆ ಎಲೆಕ್ಟ್ರಾನು ದಾಟಬೇಕಾದದ್ದು ಹತ್ತಾರು ಬಂಧಗಳಷ್ಟು ದೂರವನ್ನು, ಅದೂ ಒಳ್ಳೆಯ ಅವಾಹಕ ಎನಿಸಿಕೊಂಡ ವಸ್ತುವಿನ ನಡುವೆ. ಅದು ಹೇಗೆ ಸಾಧ್ಯ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ರಸಾಯನಶಾಸ್ತ್ರವನ್ನೂ ಜೀವಭೌತಶಾಸ್ತ್ರವನ್ನೂ ಬಹುಕಾಲ ಕಾಡಿತು.

ಬಂಧಗಳ ಸ್ವರೂಪ

ಎರಡು ಪರಮಾಣುಗಳು ಎಲೆಕ್ಟ್ರಾನುಗಳ ಜೋಡಿಯೊಂದನ್ನು ಹಂಚಿಕೊಂಡಾಗ ಸಹವೇಲೆನ್ಸ್ ಬಂಧ ಏರ್ಪಡುತ್ತದೆ. ಪರಮಾಣುಗಳನ್ನು ಜೋಡಿಸುವ ರೇಖೆಯ ಉದ್ದಕ್ಕೂ ಎಲೆಕ್ಟ್ರಾನ್ ಮೋಡ ದಟ್ಟವಾಗಿದ್ದರೆ ಅದು ಸಿಗ್ಮಾ ಬಂಧ. ಅದರೊಳಗಿನ ಎಲೆಕ್ಟ್ರಾನುಗಳು ತಮ್ಮ ಎರಡು ಪರಮಾಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ರೇಖೆಯ ಮೇಲೆ ಮತ್ತು ಕೆಳಗೆ ಹರಡಿದ ಪೈ ಬಂಧದ ಎಲೆಕ್ಟ್ರಾನುಗಳು ಅಷ್ಟು ಬಿಗಿಯಲ್ಲ. ಬೆಂಜೀನ್ ಉಂಗುರದಲ್ಲಿ ಆರು ಪೈ ಎಲೆಕ್ಟ್ರಾನುಗಳು ಆರೂ ಇಂಗಾಲಗಳ ಮೇಲೆ ಸಮನಾಗಿ ಹರಡಿಕೊಂಡಿರುವುದರಿಂದ ಅಲ್ಲಿನ ಎಲ್ಲ ಬಂಧಗಳ ಉದ್ದವೂ 1.39 ಆಂಗ್‌ಸ್ಟ್ರಾಮ್, ಏಕಬಂಧಕ್ಕೂ ದ್ವಿಬಂಧಕ್ಕೂ ನಡುವಿನ ಅಳತೆ. ಏಕಬಂಧ ಮತ್ತು ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಬರುವ ಉದ್ದನೆಯ ಸರಪಳಿಯಲ್ಲಿ ಈ ಹರಡುವಿಕೆ ಇನ್ನೂ ದೂರ ಹೋಗುತ್ತದೆ. 1977ರಲ್ಲಿ ಹಿಡೆಕಿ ಶಿರಾಕಾವ, ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಅಲನ್ ಹೀಗರ್ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ ಬೆರೆಸಿ ಅದು ಲೋಹದಂತೆ ವಿದ್ಯುತ್ತು ಹರಿಸುವುದನ್ನು ತೋರಿಸಿದರು. ಅದಕ್ಕೆ 2000ನೇ ಇಸವಿಯ ನೊಬೆಲ್ ಪುರಸ್ಕಾರ ಬಂತು.

ಪ್ರೋಟೀನು ಈ ಜಾತಿಗೆ ಸೇರಿದ್ದಲ್ಲ. ಅದರ ಬೆನ್ನೆಲುಬಾದ ಪೆಪ್ಟೈಡ್ ಬಂಧದಲ್ಲಿ ದ್ವಿಬಂಧದ ಛಾಯೆ ಸ್ವಲ್ಪ ಇದೆ. ಆದರೆ ಪ್ರತಿ ಎರಡು ಪೆಪ್ಟೈಡ್ ಬಂಧಗಳ ನಡುವೆ ಶುದ್ಧ ಸಿಗ್ಮಾ ಬಂಧಗಳಿರುವ ಒಂದು ಇಂಗಾಲ ಬಂದು ಆ ಹರಡುವಿಕೆಯನ್ನು ಕತ್ತರಿಸುತ್ತದೆ. ವಿಟಮಿನ್ ಸಿ ಕುರಿತ ಕೆಲಸಕ್ಕೆ ಹೆಸರಾಗಿದ್ದ, 1937ರ ನೊಬೆಲ್ ಪುರಸ್ಕೃತ ಹಂಗೇರಿಯನ್ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1941ರಲ್ಲಿ ಪ್ರೋಟೀನುಗಳು ಅರೆವಾಹಕಗಳಂತೆ ವರ್ತಿಸಬಹುದೆಂದೂ ಎಲೆಕ್ಟ್ರಾನುಗಳು ಅವುಗಳಲ್ಲಿ ಎಲೆಕ್ಟ್ರಾನುಗಳಿಗೆ ಅವಕಾಶವಿರುವ ಶಕ್ತಿಯ ವ್ಯಾಪ್ತಿಗಳಾದ ಶಕ್ತಿಪಟ್ಟಿಗಳಲ್ಲಿ ಸರಾಗವಾಗಿ ಓಡಾಡಬಹುದೆಂದೂ ಸೂಚಿಸಿದರು. ಲೆಕ್ಕ ಹಾಕಿ ನೋಡಿದವರಿಗೆ ಪಟ್ಟಿಗಳ ನಡುವಿನ ಅಂತರ ಹಲವು ಎಲೆಕ್ಟ್ರಾನ್ ವೋಲ್ಟ್‌ಗಳಷ್ಟಿದ್ದದ್ದು ಕಂಡಿತು. ದೇಹದ ಉಷ್ಣತೆಯಲ್ಲಿ ಅಷ್ಟು ಎತ್ತರ ಹತ್ತುವ ಶಕ್ತಿ ಎಲೆಕ್ಟ್ರಾನಿಗೆ ಸಿಗುವುದಿಲ್ಲ. ಸೆಂಟ್-ಗ್ಯೋರ್ಗಿಯವರ ಉತ್ತರ ನಿಲ್ಲಲಿಲ್ಲ. ಅವರು ಎತ್ತಿದ ಪ್ರಶ್ನೆ ಮಾತ್ರ ಸರಿಯಾದದ್ದೇ ಆಗಿತ್ತು.

ದ್ರಾವಣದಲ್ಲಿ ವರ್ಗಾವಣೆ: ಟಾಬ್ ಮತ್ತು ಮಾರ್ಕಸ್

ಆ ಪ್ರಶ್ನೆಗೆ ಉತ್ತರಿಸಲು ಬೇಕಾದ ಮೊದಲ ಉಪಕರಣಗಳು ಜೀವಶಾಸ್ತ್ರದಿಂದ ಬರಲಿಲ್ಲ, ಲೋಹಗಳ ಸರಳ ಲವಣಗಳಿಂದ ಬಂದವು. ಎರಡನೆಯ ಮಹಾಯುದ್ಧದ ನಂತರ ವಿಕಿರಣಶೀಲ ಐಸೊಟೋಪುಗಳು ಪ್ರಯೋಗಾಲಯಗಳಿಗೆ ಸುಲಭವಾಗಿ ಸಿಗತೊಡಗಿದವು. ಎರಡು ಧನಾವೇಶದ ಕಬ್ಬಿಣ ಮತ್ತು ಮೂರು ಧನಾವೇಶದ ಕಬ್ಬಿಣ ನೀರಿನಲ್ಲಿ ಎಲೆಕ್ಟ್ರಾನನ್ನು ಎಷ್ಟು ಬೇಗ ಬದಲಿಸಿಕೊಳ್ಳುತ್ತವೆ ಎಂಬುದನ್ನು ಇವುಗಳ ಸಹಾಯದಿಂದ ಅಳೆಯಬಹುದಾಯಿತು. ಯಾವ ಬಂಧವೂ ಮುರಿಯದ, ಯಾವ ಹೊಸ ವಸ್ತುವೂ ಹುಟ್ಟದ ಈ ಅತಿ ಸರಳ ಕ್ರಿಯೆ ಕೆಲವು ಲೋಹಗಳಲ್ಲಿ ನಿಧಾನ, ಕೆಲವುಗಳಲ್ಲಿ ತೀರಾ ವೇಗ. ಕಾರಣ ಯಾರಿಗೂ ತಿಳಿದಿರಲಿಲ್ಲ.

1953ರಲ್ಲಿ ಹೆನ್ರಿ ಟಾಬ್ ಮತ್ತು ಸಂಗಡಿಗರು ಶಿಕಾಗೊದಲ್ಲಿ ಮಾಡಿದ ಪ್ರಯೋಗ ಇಂದಿಗೂ ಪಾಠವಾಗಿ ಉಳಿದಿದೆ. ಕೋಬಾಲ್ಟಿಗೆ ಐದು ಅಮೋನಿಯ ಅಣುಗಳೂ ಒಂದು ಕ್ಲೋರೈಡೂ ಅಂಟಿಕೊಂಡಿರುವ ಸಂಕೀರ್ಣವನ್ನು ಅವರು ನೀಲಿ ಬಣ್ಣದ ಕ್ರೋಮಿಯಂ ದ್ರಾವಣದೊಂದಿಗೆ ಸೇರಿಸಿದರು. ಎಲೆಕ್ಟ್ರಾನು ಕ್ರೋಮಿಯಂನಿಂದ ಕೋಬಾಲ್ಟಿಗೆ ಹೋಯಿತು. ಕ್ಲೋರೈಡು ಅದಕ್ಕೆ ಎದುರಾಗಿ ಕೋಬಾಲ್ಟಿನಿಂದ ಕ್ರೋಮಿಯಂಗೆ ಬಂದು ಹಸಿರು ಬಣ್ಣದ ಸಂಯುಕ್ತವಾಯಿತು. ದ್ರಾವಣದಲ್ಲಿ ಬೇರೆಯಾಗಿ ಹಾಕಿದ್ದ ವಿಕಿರಣಶೀಲ ಕ್ಲೋರೈಡು ಆ ಹಸಿರು ಸಂಯುಕ್ತದೊಳಗೆ ಸೇರಲಿಲ್ಲ. ಎಂದಮೇಲೆ ಎಲೆಕ್ಟ್ರಾನು ವರ್ಗವಾಗುವ ಕ್ಷಣದಲ್ಲಿ ಒಂದೇ ಕ್ಲೋರೈಡು ಎರಡೂ ಲೋಹಗಳಿಗೆ ಬಂಧಿತವಾಗಿ ನಡುವೆ ಇದ್ದಿರಲೇಬೇಕು. ಬಂಧಗಳ ಮೂಲಕವೇ ಎಲೆಕ್ಟ್ರಾನು ದಾಟಿದ್ದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅದಕ್ಕೆ ಮುಂಚೆ ಇರಲಿಲ್ಲ. ಮುಂದೆ 1969ರಲ್ಲಿ ಕರೋಲ್ ಕ್ರೂಟ್ಸ್ ಮತ್ತು ಟಾಬ್ ಎರಡು ರುಥೇನಿಯಂಗಳ ನಡುವೆ ಪೈರಜೀನ್ ಎಂಬ ಉಂಗುರವನ್ನಿಟ್ಟು ಮಾಡಿದ ಅಯಾನು ಇನ್ನೊಂದು ವಿವಾದಕ್ಕೆ ದಾರಿ ಮಾಡಿತು. ಅದರಲ್ಲಿನ ಹೆಚ್ಚುವರಿ ಎಲೆಕ್ಟ್ರಾನು ಒಂದು ಲೋಹದ ಮೇಲಿದೆಯೋ ಎರಡರ ಮೇಲೂ ಸಮನಾಗಿ ಹಂಚಿಹೋಗಿದೆಯೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಹಂಚಿಹೋಗಿದೆ ಎಂಬ ಪಕ್ಷವೇ ಈಗ ಬಲವಾದದ್ದು. ಟಾಬ್‌ಗೆ 1983ರಲ್ಲಿ ನೊಬೆಲ್ ಬಂತು.

ಸೇತುವೆಯೇ ಇಲ್ಲದೆ, ಎರಡು ಅಯಾನುಗಳು ತಮ್ಮ ನೀರಿನ ಹೊದಿಕೆಗಳನ್ನು ಬಿಡದೆ ಎಲೆಕ್ಟ್ರಾನು ಕೊಟ್ಟುಕೊಳ್ಳುವ ಬಗೆಯನ್ನು ವಿವರಿಸಿದವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ರುಡಾಲ್ಫ್ ಮಾರ್ಕಸ್. 1956ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದ ತಿರುಳು ಇಷ್ಟು: ಎಲೆಕ್ಟ್ರಾನು ಹಗುರ, ಪರಮಾಣು ಬೀಜಗಳು ಭಾರ. ಎಲೆಕ್ಟ್ರಾನು ಜಿಗಿಯುವ ಕ್ಷಣದಲ್ಲಿ ಬೀಜಗಳು ಕದಲುವುದಿಲ್ಲ. ಆದ್ದರಿಂದ ಜಿಗಿತಕ್ಕೆ ಮೊದಲು ಮತ್ತು ಆಮೇಲೆ ಒಟ್ಟು ಶಕ್ತಿ ಒಂದೇ ಆಗಿರುವಂಥ ಜೋಡಣೆಗೆ ಬೀಜಗಳೂ ಸುತ್ತಲ ನೀರಿನ ಅಣುಗಳೂ ಮೊದಲೇ ಬಂದಿರಬೇಕು. ಉಷ್ಣದ ತುಯ್ದಾಟದಲ್ಲಿ ಆಕಸ್ಮಿಕವಾಗಿ ಆ ಜೋಡಣೆ ಒದಗಿದಾಗ ಮಾತ್ರ ಎಲೆಕ್ಟ್ರಾನಿಗೆ ಅವಕಾಶ. ಎಲೆಕ್ಟ್ರಾನನ್ನು ಕದಲಿಸದೆ ಪರಿಸರವನ್ನು ಮಾತ್ರ ಹಳೆಯ ನೆಲೆಯಿಂದ ಹೊಸ ನೆಲೆಗೆ ಬಾಗಿಸಲು ತಗಲುವ ಶಕ್ತಿಗೆ ಪುನರ್ವ್ಯವಸ್ಥಾ ಶಕ್ತಿ ಎಂದು ಹೆಸರು. ಇದನ್ನು ಲ್ಯಾಮ್ಡ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುತ್ತಾರೆ. ಕ್ರಿಯೆ ದಾಟಬೇಕಾದ ತಡೆಯ ಎತ್ತರವನ್ನು ಲ್ಯಾಮ್ಡ ಮತ್ತು ಕ್ರಿಯೆಯಲ್ಲಿ ಬಿಡುಗಡೆಯಾಗುವ ಮುಕ್ತ ಶಕ್ತಿ ಎರಡರಿಂದಲೇ ಲೆಕ್ಕ ಹಾಕಬಹುದು.

ಈ ಲೆಕ್ಕದಿಂದ ಒಂದು ವಿಚಿತ್ರ ಫಲಿತಾಂಶ ಹೊರಬಂತು. ಬಿಡುಗಡೆಯಾಗುವ ಶಕ್ತಿ ಹೆಚ್ಚಿದಂತೆಲ್ಲ ಕ್ರಿಯೆಯ ವೇಗ ಹೆಚ್ಚುತ್ತದೆ, ಅದು ಲ್ಯಾಮ್ಡಕ್ಕೆ ಸಮವಾದಾಗ ತಡೆ ಸೊನ್ನೆಯಾಗುತ್ತದೆ. ಅದನ್ನೂ ಮೀರಿ ಹೆಚ್ಚಿದರೆ ವೇಗ ಮತ್ತೆ ಇಳಿಯುತ್ತದೆ. ಇದಕ್ಕೆ ವಿಲೋಮ ವಲಯ ಎನ್ನುತ್ತಾರೆ. ಇಳಿಜಾರು ಕಡಿದಾದಷ್ಟೂ ನಿಧಾನ ಎಂಬ ಈ ಮಾತನ್ನು ರಸಾಯನಶಾಸ್ತ್ರಜ್ಞರು ಬಹುಕಾಲ ಸಂದೇಹದಿಂದ ನೋಡಿದರು. ದ್ರಾವಣದಲ್ಲಿ ಅಣುಗಳು ಒಂದನ್ನೊಂದು ತಲುಪುವ ನಿಧಾನಗತಿಯೇ ವೇಗವನ್ನು ನಿರ್ಧರಿಸುತ್ತಿದ್ದುದರಿಂದ ಪರೀಕ್ಷೆಯೂ ಕಷ್ಟವಾಗಿತ್ತು. 1984ರಲ್ಲಿ ಜಾನ್ ಮಿಲ್ಲರ್, ಲಿಡಿಯಾ ಕಾಲ್ಕಟೆರ, ಗೆರ್ಹಾರ್ಡ್ ಕ್ಲಾಸ್ ಈ ತೊಡಕನ್ನು ಸ್ಟೀರಾಯ್ಡ್ ಅಣುವೊಂದರಿಂದ ಬಗೆಹರಿಸಿದರು. ಬಾಗದ ಆ ಇಂಗಾಲ ಚೌಕಟ್ಟಿನ ಒಂದು ತುದಿಗೆ ಬೈಫಿನೈಲ್ ದಾತವನ್ನು, ಇನ್ನೊಂದು ತುದಿಗೆ ಒಂದಾದ ಮೇಲೊಂದರಂತೆ ಬೇರೆ ಬೇರೆ ಗ್ರಾಹಿಗಳನ್ನು ಕಟ್ಟಿ ಅಳೆದಾಗ ವೇಗ ಏರಿ, ತುದಿ ಮುಟ್ಟಿ, ಮತ್ತೆ ಇಳಿದದ್ದು ಸ್ಪಷ್ಟವಾಗಿ ಕಂಡಿತು. ಆ ಚೌಕಟ್ಟು ಪೂರ್ತಿ ಸಿಗ್ಮಾ ಬಂಧಗಳದ್ದೇ ಎಂಬುದನ್ನೂ ಗಮನಿಸಬೇಕು. ಅವಾಹಕ ಬಂಧಗಳ ನಡುವೆಯೂ ಎಲೆಕ್ಟ್ರಾನು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ದಾಟಿತ್ತು. ಮಾರ್ಕಸ್‌ಗೆ 1992ರ ನೊಬೆಲ್ ದೊರೆಯಿತು.

ಸುರಂಗ ಪರಿಣಾಮ

ಪ್ರೋಟೀನಿನ ಒಗಟಿಗೆ ಮೊದಲ ನಿರ್ಣಾಯಕ ಸುಳಿವು ಸಿಕ್ಕಿದ್ದು 1966ರಲ್ಲಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ. ಡಾನ್ ಡಿವಾಲ್ಟ್ ಮತ್ತು ಬ್ರಿಟನ್ ಚಾನ್ಸ್ ಕ್ರೊಮೇಷಿಯಂ ಎಂಬ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯದ ಮೇಲೆ ಮಾಣಿಕ್ಯ ಲೇಸರಿನ ಕಿರುಮಿಂಚನ್ನು ಹಾಯಿಸಿ, ಅದರೊಳಗಿನ ಸೈಟೊಕ್ರೋಮ್ ಎಂಬ ಕಬ್ಬಿಣವುಳ್ಳ ಬಣ್ಣದ ಪ್ರೋಟೀನು ಎಲೆಕ್ಟ್ರಾನು ಕಳೆದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಕೋಣೆಯ ಉಷ್ಣತೆಯಲ್ಲಿ ಅರ್ಧ ಕೆಲಸ ಮುಗಿಯಲು ಸುಮಾರು 2 ಮೈಕ್ರೊಸೆಕೆಂಡು. ಮಾದರಿಯನ್ನು ತಣಿಸುತ್ತ ಹೋದಂತೆ ಕ್ರಿಯೆ ನಿಧಾನವಾಗುತ್ತ ಬಂದು, 100 ಕೆಲ್ವಿನ್ ಸುಮಾರಿಗೆ 2 ಮಿಲಿಸೆಕೆಂಡನ್ನು ಮುಟ್ಟಿತು. ಅಲ್ಲಿಂದ ಕೆಳಗೆ ಎಷ್ಟು ತಣಿಸಿದರೂ ವೇಗ ಬದಲಾಗಲೇ ಇಲ್ಲ. ಉಷ್ಣದ ಬಲದಿಂದ ತಡೆಯನ್ನು ಹತ್ತಿ ಇಳಿಯುವ ಯಾವ ಕ್ರಿಯೆಯೂ ಆ ಚಳಿಯಲ್ಲಿ ಪೂರ್ತಿ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲವೆಂದರೆ ಎಲೆಕ್ಟ್ರಾನು ತಡೆಯನ್ನು ಹತ್ತದೆ ಅದರೊಳಗಿಂದಲೇ ತೂರಿ ಬಂದಿದೆ ಎಂದೇ ಅರ್ಥ. ಇದು ಕ್ವಾಂಟಂ ಸುರಂಗ ಪರಿಣಾಮ. 1974ರಲ್ಲಿ ಜಾನ್ ಹಾಪ್‌ಫೀಲ್ಡ್ ಇದಕ್ಕೆ ಗಣಿತದ ರೂಪ ಕೊಟ್ಟರು. ಕೃತಕ ನರಜಾಲಗಳ ಕೆಲಸಕ್ಕಾಗಿ 2024ರ ಭೌತಶಾಸ್ತ್ರ ನೊಬೆಲ್ ಪಡೆದವರು ಇವರೇ.

ಕ್ವಾಂಟಂ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನಿನ ತರಂಗ ಫಲನ ದಾತದ ಅಂಚಿನಲ್ಲಿ ತಟ್ಟನೆ ಮುಗಿಯುವುದಿಲ್ಲ. ದೂರ ಹೋದಂತೆ ಕ್ಷೀಣಿಸುತ್ತ ಹೋಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ನಿರ್ವಾತದಲ್ಲಿ ಈ ಕ್ಷೀಣತೆ ಬಹಳ ತೀವ್ರ: ಪ್ರತಿ ಒಂದು ಆಂಗ್‌ಸ್ಟ್ರಾಮ್ ದೂರಕ್ಕೆ ವರ್ಗಾವಣೆಯ ವೇಗ ಸುಮಾರು ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಸಹವೇಲೆನ್ಸ್ ಬಂಧಗಳಿದ್ದರೆ ಇಳಿತ ಮೂರನೆಯ ಒಂದು ಭಾಗದ ಆಸುಪಾಸು. ಹತ್ತು ಆಂಗ್‌ಸ್ಟ್ರಾಮ್ ದಾಟುವಷ್ಟರಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಕೋಟಿ ಪಟ್ಟನ್ನೂ ಮೀರುತ್ತದೆ. ಬಂಧಗಳು ಮಾಡುವ ಉಪಕಾರ ಇದೇ. ಎಲೆಕ್ಟ್ರಾನು ಸೇತುವೆಯ ಮೇಲೆ ಒಂದು ಕ್ಷಣವೂ ನೆಲೆಸುವುದಿಲ್ಲ, ಅದಕ್ಕೆ ಬೇಕಾದ ಶಕ್ತಿ ಅದರ ಬಳಿ ಇಲ್ಲ. ಆದರೂ ಸೇತುವೆಯಲ್ಲಿ ಎಲೆಕ್ಟ್ರಾನುಗಳಿಗೆ ಇರುವ ನೆಲೆಗಳು, ಅಂದರೆ ಖಾಲಿ ಮತ್ತು ತುಂಬಿದ ಆರ್ಬಿಟಲ್‌ಗಳು ದಾತದ ಆರ್ಬಿಟಲ್‌ನೊಂದಿಗೆ ಚೂರು ಬೆರೆತು ಅದರ ಕ್ಷೀಣಿಸುವ ಬಾಲವನ್ನು ಗ್ರಾಹಿಯತ್ತ ಎಳೆದು ಉದ್ದ ಮಾಡುತ್ತವೆ. 1961ರಲ್ಲಿ ಹಾರ್ಡನ್ ಮೆಕ್‌ಕಾನೆಲ್ ವಿವರಿಸಿದ ಈ ಬಗೆಯನ್ನು ಅತಿವಿನಿಮಯ ಎನ್ನುತ್ತಾರೆ. ಪೈ ಬಂಧಗಳ ಸೇತುವೆಯಲ್ಲಿ ಆರ್ಬಿಟಲ್‌ಗಳ ಶಕ್ತಿ ಎಲೆಕ್ಟ್ರಾನಿನ ಶಕ್ತಿಗೆ ಇನ್ನಷ್ಟು ಹತ್ತಿರವಿರುವುದರಿಂದ ಇಳಿತ ಇನ್ನೂ ಕಡಿಮೆ. ಬಂಧವೆಂಬ ಕೊಳವೆಯಲ್ಲಿ ಎಲೆಕ್ಟ್ರಾನು ಹರಿಯುತ್ತದೆ ಎಂದು ಶಾಲಾ ಪುಸ್ತಕಗಳ ಬಾಣದ ಗುರುತುಗಳು ಹುಟ್ಟಿಸುವ ಭಾವನೆ ಇಲ್ಲಿ ದಾರಿ ತಪ್ಪಿಸುತ್ತದೆ.

ಅಜುರಿನ್ ಪ್ರಯೋಗಗಳು

ಸೂಡೊಮೊನಾಸ್ ಏರುಗಿನೋಸ ಎಂಬ ಬ್ಯಾಕ್ಟೀರಿಯದಲ್ಲಿ ಅಜುರಿನ್ ಎಂಬ ಗಾಢ ನೀಲಿ ಬಣ್ಣದ ಪುಟ್ಟ ಪ್ರೋಟೀನಿದೆ. 128 ಅಮೈನೋ ಆಮ್ಲಗಳು, ಒಂದು ತಾಮ್ರದ ಪರಮಾಣು, ಅಷ್ಟೇ. ಎಲೆಕ್ಟ್ರಾನ್ ಸಂಚಾರದ ಅಧ್ಯಯನದಲ್ಲಿ ಇದಕ್ಕೆ ಸಿಕ್ಕ ಗಮನ ಇದಕ್ಕಿಂತ ಹತ್ತು ಪಟ್ಟು ದೊಡ್ಡ ಪ್ರೋಟೀನುಗಳಿಗೂ ಸಿಕ್ಕಿಲ್ಲ.

ಮೊದಲು ಆ ತಾಮ್ರವನ್ನು ನೋಡಬೇಕು. ಸಾಮಾನ್ಯ ಲವಣಗಳಲ್ಲಿ ಒಂದು ಧನಾವೇಶದ ತಾಮ್ರ ತನ್ನ ಸುತ್ತ ನಾಲ್ಕು ನೆರೆಯವರನ್ನು ಚತುರ್ಮುಖಿಯ ಮೂಲೆಗಳಲ್ಲಿ ಇಟ್ಟುಕೊಳ್ಳಲು ಬಯಸುತ್ತದೆ. ಎರಡು ಧನಾವೇಶದ ತಾಮ್ರಕ್ಕೆ ಚೌಕಾಕಾರದ ಜೋಡಣೆ ಇಷ್ಟ. ಎಲೆಕ್ಟ್ರಾನು ಬಂದು ಹೋಗುವಾಗಲೆಲ್ಲ ಇಷ್ಟು ದೊಡ್ಡ ಮಾರ್ಪಾಟಾಗಬೇಕೆಂದರೆ ಲ್ಯಾಮ್ಡ ದೊಡ್ಡದಾಗಿ ಕ್ರಿಯೆ ತೆವಳುತ್ತದೆ. ಅಜುರಿನ್‌ನಲ್ಲಿ ಎರಡು ಹಿಸ್ಟಿಡೀನ್‌ಗಳೂ ಒಂದು ಸಿಸ್ಟೀನೂ, ಹೀಗೆ ಮೂರು ಅಮೈನೋ ಆಮ್ಲಗಳು ತಾಮ್ರವನ್ನು ಮೂರು ಕಡೆಯಿಂದ ಬಿಗಿಹಿಡಿದಿವೆ, ಮೇಲೊಂದು ಮೆಥಿಯೊನೀನ್, ಕೆಳಗೊಂದು ಕಾರ್ಬೊನೈಲ್ ದೂರದಿಂದ ನಿಂತಿವೆ. ಈ ಗೂಡು ಎರಡೂ ಸ್ಥಿತಿಗಳಿಗೆ ಹೊಂದುವ ನಡುವಣ ಆಕಾರದ್ದು. ಎಲೆಕ್ಟ್ರಾನು ಬಂದರೂ ಹೋದರೂ ತಾಮ್ರದ ನೆರೆಹೊರೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಮಡಿಚಿಕೊಂಡ ಪ್ರೋಟೀನು ನೀರನ್ನೂ ಹೊರಗಿಡುವುದರಿಂದ ಲ್ಯಾಮ್ಡ ಇನ್ನಷ್ಟು ತಗ್ಗುತ್ತದೆ.

ಕ್ಯಾಲಿಫೋರ್ನಿಯ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹ್ಯಾರಿ ಗ್ರೇ ಮತ್ತು ಜೇ ವಿಂಕ್ಲರ್ 1982ರಲ್ಲಿ ಕುದುರೆ ಹೃದಯದ ಸೈಟೊಕ್ರೋಮ್ ಸಿ ಪ್ರೋಟೀನಿನ ಮೇಲ್ಮೈಗೆ ರುಥೇನಿಯಂ ಲೋಹವನ್ನು ಅಂಟಿಸಿ ಅಲ್ಲಿಂದ ಒಳಗಿನ ಹೀಮ್ ಎಂಬ ಕಬ್ಬಿಣವುಳ್ಳ ಘಟಕಕ್ಕೆ ಎಲೆಕ್ಟ್ರಾನು ಹೋಗುವ ವೇಗವನ್ನು ಅಳೆದಿದ್ದರು. ಅದೇ ಉಪಾಯವನ್ನು ಆ ಗುಂಪು ಮುಂದೆ ಅಜುರಿನ್ ಮೇಲೆ ಹೂಡಿತು. ತಾಮ್ರದ ಬಳಿಯಿಂದ ನೇರವಾಗಿ ಹೊರಟ ಬೀಟಾ ಎಳೆ ಎಂಬ ನೀಳವಾಗಿ ಚಾಚಿದ ಪ್ರೋಟೀನು ಭಾಗವೊಂದರಲ್ಲಿ 122, 124 ಅಥವಾ 126ನೆಯ ಸ್ಥಾನಕ್ಕೆ ವಂಶವಾಹಿ ತಂತ್ರದಿಂದ ಹಿಸ್ಟಿಡೀನ್ ತಂದು, ಅದಕ್ಕೆ ರುಥೇನಿಯಂ ಕಟ್ಟಿದರು. ದೂರ ಸುಮಾರು 16ರಿಂದ 26 ಆಂಗ್‌ಸ್ಟ್ರಾಮ್‌ವರೆಗೆ ಹಂತಹಂತವಾಗಿ ಬೆಳೆಯಿತು. ಲೇಸರ್ ಮಿಂಚು ಬಿದ್ದಾಗ ಎಲೆಕ್ಟ್ರಾನು ತಾಮ್ರವನ್ನು ಬಿಟ್ಟು ರುಥೇನಿಯಂಗೆ ಸೇರುತ್ತದೆ, ತಾಮ್ರ ಎರಡು ಧನಾವೇಶದ್ದಾಗಿ ನೀಲಿ ಬಣ್ಣ ಮೂಡುತ್ತದೆ. ಬಣ್ಣ ಮೂಡುವ ವೇಗವೇ ಎಲೆಕ್ಟ್ರಾನಿನ ವೇಗದ ಅಳತೆ. ಮೊದಲ ಸ್ಥಾನಕ್ಕೂ ಕೊನೆಯ ಸ್ಥಾನಕ್ಕೂ ನಡುವೆ ವೇಗ ಸಾವಿರಾರು ಪಟ್ಟು ಕುಗ್ಗಿತು. ಅಜುರಿನ್‌ನ ಹಲವು ಸ್ಥಾನಗಳ ಅಳತೆಗಳನ್ನು ಸೇರಿಸಿ ನೋಡಿದಾಗ ಇಳಿತದ ಗುಣಾಂಕ ಪ್ರತಿ ಆಂಗ್‌ಸ್ಟ್ರಾಮ್‌ಗೆ 1.1 ಎಂದು ಬಂತು, ಅಂದರೆ ಪ್ರತಿ ಆಂಗ್‌ಸ್ಟ್ರಾಮ್‌ಗೆ ವೇಗ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಿಗ್ಮಾ ಬಂಧಗಳ ಸರಪಳಿಗೆ ರಸಾಯನಶಾಸ್ತ್ರಜ್ಞರು ಪಡೆದ ಸಂಖ್ಯೆಗೆ ಇದು ಬಹಳ ಹತ್ತಿರ.

ದೂರವೋ ದಾರಿಯೋ

ವೇಗವನ್ನು ನಿರ್ಧರಿಸುವುದು ಬರೀ ದೂರವೋ ನಡುವಿನ ಬಂಧಗಳ ದಾರಿಯೋ ಎಂಬ 1990ರ ದಶಕದ ದೊಡ್ಡ ಜಗಳ ಹುಟ್ಟಿದ್ದು ಇಲ್ಲಿಂದ. ಡೇವಿಡ್ ಬೆರಾಟನ್ ಮತ್ತು ಬ್ರೆಜಿಲ್ ಮೂಲದ ಜೋಸೆ ಒನುಚಿಕ್ ದಾರಿಯ ಪಕ್ಷ. ಅವರ ಮಾದರಿಯಲ್ಲಿ ಪ್ರತಿಯೊಂದು ಸಹವೇಲೆನ್ಸ್ ಬಂಧವನ್ನು ದಾಟಿದಾಗ ದಾತ ಮತ್ತು ಗ್ರಾಹಿಗಳ ನಡುವಿನ ಬೆಸುಗೆ 0.6ರಷ್ಟಕ್ಕೆ ಇಳಿಯುತ್ತದೆ. ಹೈಡ್ರೋಜನ್ ಬಂಧವನ್ನು ಎರಡು ಸಹವೇಲೆನ್ಸ್ ಬಂಧಗಳಿಗೆ ಸಮವೆಂದು ಎಣಿಸಿ ಅದಕ್ಕೆ 0.36. ಬಂಧವೇ ಇಲ್ಲದ ಖಾಲಿ ಜಾಗವನ್ನು ಜಿಗಿಯಬೇಕಾದರೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು. ಕಂಪ್ಯೂಟರು ಪ್ರೋಟೀನಿನ ರಚನೆಯೊಳಗಿನ ಎಲ್ಲ ದಾರಿಗಳನ್ನೂ ಹುಡುಕಿ ಅತಿ ಕಡಿಮೆ ನಷ್ಟದ ದಾರಿಯನ್ನು ಆರಿಸುತ್ತದೆ. ಒಂದೇ ದೂರದಲ್ಲಿದ್ದರೂ ಎರಡು ಜಾಗಗಳಿಗೆ ವೇಗ ಬೇರೆ ಬೇರೆ ಆಗಬಹುದು ಎಂಬುದು ಇದರ ತಾತ್ಪರ್ಯ.

ಪೆನ್ಸಿಲ್ವೇನಿಯದ ಲೆಸ್ಲಿ ಡಟನ್ ಮತ್ತು ಕ್ರಿಸ್ಟೋಫರ್ ಮೋಸರ್ ದೂರದ ಪಕ್ಷ. ರಚನೆ ತಿಳಿದಿರುವ ನಿಸರ್ಗದ ಪ್ರೋಟೀನುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ದಾರಿಯ ವಿವರಗಳು ಲೆಕ್ಕಕ್ಕೇ ಬರುವುದಿಲ್ಲ, 1.4ರ ಸರಾಸರಿ ಗುಣಾಂಕ ಸಾಕು ಎಂದು ಅವರು 1992ರಲ್ಲಿ ವಾದಿಸಿದರು. ಅದೇ ಗುಂಪು 1999ರಲ್ಲಿ ಇನ್ನೊಂದು ಅಂಶವನ್ನು ಎತ್ತಿ ತೋರಿಸಿತು. ಎಲೆಕ್ಟ್ರಾನು ಸಾಗಿಸುವ ಪ್ರೋಟೀನುಗಳಲ್ಲಿ ಎಲೆಕ್ಟ್ರಾನು ತಂಗುವ ಅಕ್ಕಪಕ್ಕದ ಎರಡು ನೆಲೆಗಳ ಅಂಚುಗಳ ನಡುವಿನ ಅಂತರ ಸಾಮಾನ್ಯವಾಗಿ 14 ಆಂಗ್‌ಸ್ಟ್ರಾಮ್ ದಾಟುವುದಿಲ್ಲ. ಅವರ ಸೂತ್ರದ ಪ್ರಕಾರ ಶಕ್ತಿಯ ಹೊಂದಾಣಿಕೆ ಸರಿಯಾಗಿದ್ದರೆ 14 ಆಂಗ್‌ಸ್ಟ್ರಾಮ್ ದಾಟಲು ಒಂದು ಮೈಕ್ರೊಸೆಕೆಂಡೂ ಬೇಡ, 25 ದಾಟಲು ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಕಿಣ್ವಗಳು ಸಾಮಾನ್ಯವಾಗಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ದುಡಿಯುವುದರಿಂದ 14ರ ಮಿತಿಯೊಳಗೆ ಉಳಿದ ನಿಸರ್ಗಕ್ಕೆ ಬೇಕಾದಷ್ಟು ಬಿಡುವು ಉಳಿಯುತ್ತದೆ.

ಈಗ ಹಿಂದಿರುಗಿ ನೋಡಿದರೆ ಎರಡು ಪಕ್ಷಗಳೂ ತಮ್ಮ ತಮ್ಮ ಸೀಮೆಯಲ್ಲಿ ಗೆದ್ದಿವೆ ಎನ್ನಬೇಕು. ನೆಲೆಗಳು ಹತ್ತಿರವಿದ್ದು ನಡುವೆ ಪ್ರೋಟೀನು ದಟ್ಟವಾಗಿ ತುಂಬಿರುವಲ್ಲಿ ಹಲವು ದಾರಿಗಳು ಕೂಡಿ ಸರಾಸರಿಯೇ ಉಳಿಯುತ್ತದೆ, ಡಟನ್ ಸೂತ್ರ ಚೆನ್ನಾಗಿ ನಡೆಯುತ್ತದೆ. ದೂರ ಹೆಚ್ಚಾಗಿ ಒಂದೆರಡು ದಾರಿಗಳಷ್ಟೇ ಉಳಿದಾಗ, ಇಲ್ಲವೆ ಪ್ರೋಟೀನಿನ ಹೊದಿಕೆಯಲ್ಲಿ ಬಿರುಕಿದ್ದಾಗ ದಾರಿಯ ಗುಣವೇ ಫಲವನ್ನು ನಿರ್ಧರಿಸುತ್ತದೆ. ಅದನ್ನು ದೂರವೊಂದರಿಂದಲೇ ಹೇಳಲಾಗದು.

ಜೀವಕೋಶದ ಸರಪಳಿಗಳು

ಸೈಟೊಕ್ರೋಮ್‌ಗಳ ಕಥೆ ಸಿದ್ಧಾಂತಕ್ಕಿಂತ ಹಳೆಯದು. 1880ರ ದಶಕದಲ್ಲಿ ಚಾರ್ಲ್ಸ್ ಮ್ಯಾಕ್‌ಮನ್ ಎಂಬ ವೈದ್ಯ ಪ್ರಾಣಿಗಳ ಸ್ನಾಯುಗಳಲ್ಲಿ ಈ ವರ್ಣದ್ರವ್ಯದ ರೋಹಿತವನ್ನು ಗುರುತಿಸಿದ್ದರು. ಅಂದಿನ ಪ್ರಭಾವಿ ರಸಾಯನಜ್ಞ ಹೋಪ್-ಸೈಲರ್ ಅದನ್ನು ಒಪ್ಪದೆ ಹೋದದ್ದರಿಂದ ವಿಷಯ ಮೂಲೆ ಸೇರಿತು. 1925ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಅದನ್ನು ಮತ್ತೆ ಕಂಡರು. ಯೀಸ್ಟ್ ಬೆರೆಸಿದ ನೀರನ್ನು ರೋಹಿತದರ್ಶಕದಲ್ಲಿ ನೋಡುತ್ತ ಅವರು ಕೊಳವೆಯನ್ನು ಗಾಳಿಯೊಂದಿಗೆ ಕುಲುಕಿದಾಗ ನಾಲ್ಕು ಕಪ್ಪು ಪಟ್ಟಿಗಳು ಮಾಯವಾದವು. ಸುಮ್ಮನೆ ಇಟ್ಟಾಗ ಮತ್ತೆ ಮೂಡಿದವು. ಆಮ್ಲಜನಕ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುವುದನ್ನೂ ಆಹಾರ ಅವನ್ನು ಮತ್ತೆ ತುಂಬುವುದನ್ನೂ ಕೀಲಿನ್ ಕಣ್ಣಾರೆ ನೋಡುತ್ತಿದ್ದರು.

ಆ ಎಲೆಕ್ಟ್ರಾನುಗಳು ಸಾಗುವುದು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ದೊಡ್ಡ ಪ್ರೋಟೀನ್ ಸಂಕೀರ್ಣಗಳ ಮೂಲಕ. ಆಹಾರದಿಂದ ಎಲೆಕ್ಟ್ರಾನುಗಳನ್ನು ತರುವ, ಆರಂಭದ ಘಟಕವಾದ ಎನ್‌ಎಡಿಎಚ್‌ನ ವಿಭವ -0.32 ವೋಲ್ಟ್, ಕೊನೆಯ ಆಮ್ಲಜನಕದ್ದು +0.82 ವೋಲ್ಟ್. ಈ 1.14 ವೋಲ್ಟಿನ ಇಳಿಜಾರಿನಲ್ಲಿ ಎರಡು ಎಲೆಕ್ಟ್ರಾನುಗಳು ಇಳಿದಾಗ ಪ್ರತಿ ಮೋಲ್‌ಗೆ ಸುಮಾರು 220 ಕಿಲೊಜೌಲ್ ಶಕ್ತಿ ಸಿಗುತ್ತದೆ. ಅದರಲ್ಲೊಂದು ಪಾಲು ಪೊರೆಯಾಚೆಗೆ ಪ್ರೋಟಾನುಗಳನ್ನು ತಳ್ಳಲು, ಆ ಮೂಲಕ ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ತಯಾರಿಸಲು ಬಳಕೆಯಾಗುತ್ತದೆ. ಮೊದಲ ಸಂಕೀರ್ಣದಲ್ಲಿ ಎಲೆಕ್ಟ್ರಾನು ಕ್ರಮಿಸಬೇಕಾದ ದೂರ ಹೆಚ್ಚುಕಡಿಮೆ 95 ಆಂಗ್‌ಸ್ಟ್ರಾಮ್. ಒಂದೇ ಜಿಗಿತದಲ್ಲಿ ಇದು ಅಸಾಧ್ಯ. ಅದಕ್ಕಾಗಿ ಕಬ್ಬಿಣ ಮತ್ತು ಗಂಧಕದ ಏಳು ಗೊಂಚಲುಗಳು ಹೊಳೆ ದಾಟಲು ಹಾಕಿದ ಕಲ್ಲುಗಳಂತೆ ಸಾಲಾಗಿ ನಿಂತಿವೆ, ಒಂದರಿಂದ ಒಂದಕ್ಕೆ ದೂರ 14 ಆಂಗ್‌ಸ್ಟ್ರಾಮ್ ಮೀರದಂತೆ. ಲಿಯೊನಿಡ್ ಸಜಾನೊವ್ ಮತ್ತು ಫಿಲಿಪ್ ಹಿಂಚ್‌ಲಿಫ್ 2006ರಲ್ಲಿ ಒಂದು ಬಿಸಿನೀರಿನ ಬ್ಯಾಕ್ಟೀರಿಯದ ಪ್ರೋಟೀನಿನಲ್ಲಿ ಈ ಸಾಲನ್ನು ಕಣ್ಣಿಗೆ ಕಾಣುವಂತೆ ಮಾಡಿದರು.

ಎಲ್ಲ ಕಡೆಯೂ ಎಲೆಕ್ಟ್ರಾನು ಮಾತ್ರ ಚಲಿಸುತ್ತದೆಂದಲ್ಲ. ಯುಬಿಕ್ವಿನೋನ್ ಎಂಬ ಪುಟ್ಟ ಅಣು ಪೊರೆಯೊಳಗೆ ಈಜಿ ಹೋಗಿ ಎಲೆಕ್ಟ್ರಾನು ಮುಟ್ಟಿಸುತ್ತದೆ, ಸೈಟೊಕ್ರೋಮ್ ಸಿ ಪೊರೆಯ ಹೊರಮೈಯಲ್ಲಿ ಓಡಾಡುತ್ತದೆ. ಮೂರನೆಯ ಸಂಕೀರ್ಣದಲ್ಲಿ ಒಂದು ಪ್ರೋಟೀನಿನ ತಲೆಯೇ ತಿರುಗಿ ಎರಡು ನೆಲೆಗಳ ನಡುವೆ ಎಲೆಕ್ಟ್ರಾನನ್ನು ಹೊತ್ತೊಯ್ಯುತ್ತದೆ. ನಾಲ್ಕನೆಯದರಲ್ಲಿ ನಾಲ್ಕು ಎಲೆಕ್ಟ್ರಾನುಗಳು ಸೇರಿ ಒಂದು ಆಮ್ಲಜನಕ ಅಣು ನೀರಾಗುತ್ತದೆ. ಸಯನೈಡ್ ಕೊಲ್ಲುವುದು ಈ ಸಂಕೀರ್ಣದ ಕೊನೆಯ ಹೀಮಿಗೆ ಅಂಟಿಕೊಂಡು. ಹಿಂದಿನ ಸಾಲಿನ ಎಲೆಕ್ಟ್ರಾನುಗಳಿಗೆ ಹೋಗಲು ಜಾಗವಿಲ್ಲದೆ ಇಡೀ ಸರಪಳಿ ಸ್ತಬ್ಧವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶ ಉಸಿರುಗಟ್ಟುತ್ತದೆ.

ದ್ಯುತಿಸಂಶ್ಲೇಷಣೆಯಲ್ಲಿ ದಿಕ್ಕು ತಿರುವುಮುರುವು, ಸವಾಲೂ ಬೇರೆ. ಬೆಳಕು ಮೇಲೆತ್ತಿದ ಎಲೆಕ್ಟ್ರಾನು ಹಿಂದಕ್ಕೆ ಬಿದ್ದು ಶಕ್ತಿ ಶಾಖವಾಗಿ ಸೋರಿಹೋಗದಂತೆ ತಡೆಯಬೇಕು. ಯೋಹಾನ್ ಡೈಸೆನ್‌ಹೋಫರ್, ರಾಬರ್ಟ್ ಹ್ಯೂಬರ್, ಹಾರ್ಟ್‌ಮುಟ್ ಮಿಖೆಲ್ ನೇರಳೆ ಬ್ಯಾಕ್ಟೀರಿಯದ ಬೆಳಕು ಎಲೆಕ್ಟ್ರಾನನ್ನು ಮೇಲೆತ್ತುವ ಜಾಗವಾದ ಕ್ರಿಯಾಕೇಂದ್ರದ ರಚನೆಯನ್ನು ಬಿಡಿಸಿ 1988ರಲ್ಲಿ ನೊಬೆಲ್ ಪಡೆದರು. ಅಲ್ಲಿ ಎಲೆಕ್ಟ್ರಾನು ಸುಮಾರು 3 ಪಿಕೊಸೆಕೆಂಡಿನಲ್ಲಿ ಮೊದಲ ಗ್ರಾಹಿಯನ್ನು, ಇನ್ನು 200 ಪಿಕೊಸೆಕೆಂಡಿನಲ್ಲಿ ಮುಂದಿನ ಗ್ರಾಹಿಯಾದ ಕ್ವಿನೋನನ್ನು ಸೇರುತ್ತದೆ. ಹಿಂದಕ್ಕೆ ಬೀಳುವ ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ ತೀರಾ ದೊಡ್ಡದಾದ್ದರಿಂದ ಅದು ಮಾರ್ಕಸ್ಸರ ವಿಲೋಮ ವಲಯಕ್ಕೆ ಬಿದ್ದು ನಿಧಾನವಾಗುತ್ತದೆ. ಕಾಗದದ ಮೇಲಿನ ವಿಚಿತ್ರವೆನಿಸಿದ್ದ ಫಲಿತಾಂಶ ಇಲ್ಲಿ ಜೀವಿಗಳ ಕೈಹಿಡಿದಿದೆ. ಈ ಕೇಂದ್ರದಲ್ಲಿ ಒಂದನ್ನೊಂದು ಹೋಲುವ ಎರಡು ಕವಲುಗಳಿದ್ದರೂ ಎಲೆಕ್ಟ್ರಾನು ಒಂದರಲ್ಲೇ ಸಾಗುತ್ತದೆ.

ಕುಪ್ಪಳಿಸುವಿಕೆ

ನಡುವಿನ ನೆಲೆಯ ಶಕ್ತಿ ಕೈಗೆಟುಕುವಷ್ಟಿದ್ದರೆ ಎಲೆಕ್ಟ್ರಾನು ಅಲ್ಲಿ ನಿಜವಾಗಿ ಇಳಿದು, ನಿಂತು, ಮತ್ತೆ ಹೊರಡಬಹುದು. ಟ್ರಿಪ್ಟೊಫ್ಯಾನ್ ಮತ್ತು ಟೈರೊಸೀನ್ ಎಂಬ ಎರಡು ಅಮೈನೋ ಆಮ್ಲಗಳು ಇದಕ್ಕೆ ಒದಗುತ್ತವೆ. ಗ್ರೇ ಮತ್ತು ಸಂಗಡಿಗರು 2008ರಲ್ಲಿ ಅಜುರಿನ್‌ನಲ್ಲಿ ರೀನಿಯಂ ಲೋಹಕ್ಕೂ ತಾಮ್ರಕ್ಕೂ ನಡುವೆ ಒಂದು ಟ್ರಿಪ್ಟೊಫ್ಯಾನ್ ಇಟ್ಟಾಗ 19 ಆಂಗ್‌ಸ್ಟ್ರಾಮ್‌ಗಳ ವರ್ಗಾವಣೆ ನೂರಾರು ಪಟ್ಟು ವೇಗ ಪಡೆಯಿತು. ಡಿಎನ್‌ಎ ತಯಾರಿಕೆಗೆ ಬೇಕಾದ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಎಂಬ ಕಿಣ್ವದಲ್ಲಿ ಟೈರೊಸೀನ್‌ಗಳ ಸಾಲು ಸುಮಾರು 35 ಆಂಗ್‌ಸ್ಟ್ರಾಮ್ ದೂರಕ್ಕೆ ಎಲೆಕ್ಟ್ರಾನ್ ಕೊರತೆಯನ್ನು ದಾಟಿಸುತ್ತದೆ. ಟೈರೊಸೀನ್ ಎಲೆಕ್ಟ್ರಾನು ಬಿಡುವಾಗ ಪ್ರೋಟಾನನ್ನೂ ಬಿಡುವುದರಿಂದ ಅಲ್ಲಿ ಎರಡರ ಸಂಚಾರವೂ ಒಟ್ಟಿಗೇ ನಡೆಯಬೇಕಾಗುತ್ತದೆ.

ಡಿಎನ್‌ಎ ಸ್ವತಃ ತಂತಿಯೇ ಎಂಬ ಚರ್ಚೆ 1993ರಲ್ಲಿ ಜಾಕ್ವೆಲಿನ್ ಬಾರ್ಟನ್ ಅವರ ಪ್ರಯೋಗಗಳಿಂದ ಬಿಸಿಯೇರಿತು. 2001ರಲ್ಲಿ ಬಾಸೆಲ್‌ನ ಬರ್ಂಡ್ ಗೀಸೆ ಮತ್ತು ಸಂಗಡಿಗರು ಡಿಎನ್ಎ ಎಳೆಯ ಘಟಕಗಳಾದ ಎರಡು ಗ್ವಾನಿನ್ ನೆಲೆಗಳ ನಡುವೆ ಇನ್ನೊಂದು ಬಗೆಯ ಘಟಕವಾದ ಅಡಿನಿನ್‌ಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರು. ಮೂರರವರೆಗೆ ವೇಗ ಕಡಿದಾಗಿ ಇಳಿಯಿತು, ಆಮೇಲೆ ಎಷ್ಟು ಸೇರಿಸಿದರೂ ಹೆಚ್ಚು ಬದಲಾಗಲಿಲ್ಲ. ಸುರಂಗದ ದಾರಿ ಮುಗಿದು ಕುಪ್ಪಳಿಸುವಿಕೆ ಶುರುವಾಗುವ ಗಡಿ ಇಷ್ಟು ಚೊಕ್ಕವಾಗಿ ಬೇರೆಲ್ಲೂ ಕಂಡದ್ದಿಲ್ಲ ಎನ್ನಬಹುದು.

ಇದರ ಅತಿರೇಕದ ರೂಪ ಕೆಸರಿನಲ್ಲಿದೆ. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ 1987ರಲ್ಲಿ ಬೇರ್ಪಡಿಸಿದ ಜಿಯೊಬ್ಯಾಕ್ಟರ್ ತನ್ನ ಎಲೆಕ್ಟ್ರಾನುಗಳನ್ನು ದೇಹದ ಹೊರಗಿನ ಕಬ್ಬಿಣದ ಖನಿಜಕ್ಕೆ ಸುರಿದು ಉಸಿರಾಡುತ್ತದೆ. ಅದರ ಕೂದಲಿನಂಥ ಎಳೆಗಳು ತಂತಿಗಳೆಂದು 2005ರಲ್ಲಿ ಪ್ರಕಟವಾಯಿತು. ಆ ಎಳೆಗಳಲ್ಲಿ ಕೆಲವು ಆರಾರು ಹೀಮುಗಳುಳ್ಳ ಸೈಟೊಕ್ರೋಮ್‌ಗಳು ತುದಿಗೆ ತುದಿ ಸೇರಿ ಆದವೆಂದು 2019ರ ಕ್ರಯೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಡೆನ್ಮಾರ್ಕಿನ ಆರ್ಹುಸ್‌ನ ವಿಜ್ಞಾನಿಗಳು 2012ರಲ್ಲಿ ವಿವರಿಸಿದ ಕೇಬಲ್ ಬ್ಯಾಕ್ಟೀರಿಯಗಳಲ್ಲಿ ಸಾವಿರಾರು ಜೀವಕೋಶಗಳು ಸಾಲುಗಟ್ಟಿ ಸೆಂಟಿಮೀಟರ್‌ಗಳಷ್ಟು ದೂರ ವಿದ್ಯುತ್ತು ಸಾಗಿಸುತ್ತವೆ. ಇಷ್ಟು ಉದ್ದದ ಸಂಚಾರವನ್ನು ಇಲ್ಲಿಯವರೆಗೆ ಹೇಳಿದ ಸಿದ್ಧಾಂತಗಳಿಂದಷ್ಟೇ ವಿವರಿಸುವುದು ಕಷ್ಟ. ಸೆಂಟ್-ಗ್ಯೋರ್ಗಿಯವರ ಹಳೆಯ ಊಹೆಯನ್ನು ಕೆಲವರು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿರುವುದು ಈ ಜೀವಿಗಳೇ.

ಬಳಕೆ

ಮನೆಮನೆಯಲ್ಲಿರುವ ಗ್ಲೂಕೋಸ್ ಮೀಟರು ಈ ವಿದ್ಯೆಯ ಅತಿ ವ್ಯಾಪಕ ಪ್ರಯೋಜನ. ಅದಕ್ಕೆ ಮೊದಲಿನಿಂದ ಬಳಸುತ್ತ ಬಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಕಿತ್ತು ತನ್ನೊಳಗಿನ ಎಫ್‌ಎಡಿ ಎಂಬ ಘಟಕದಲ್ಲಿ ಇಟ್ಟುಕೊಳ್ಳುತ್ತದೆ. ಆ ಘಟಕ ಪ್ರೋಟೀನಿನ ಆಳದಲ್ಲಿ ಹುದುಗಿದೆ. ಹೊರಗಿನ ಎಲೆಕ್ಟ್ರೋಡು ಸುರಂಗದ ಮಿತಿಯಾಚೆ ಉಳಿಯುವುದರಿಂದ ವಿದ್ಯುತ್ತು ನೇರವಾಗಿ ಸಿಗುವುದಿಲ್ಲ. ಕಿಣ್ವದ ಒಳಹೊಕ್ಕು ಎಲೆಕ್ಟ್ರಾನು ಪಡೆದು ಹೊರಬಂದು ಎಲೆಕ್ಟ್ರೋಡಿಗೆ ಒಪ್ಪಿಸುವ ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತವನ್ನು 1984ರಲ್ಲಿ ಬ್ರಿಟನ್ನಿನ ಸಂಶೋಧಕರು ಬಳಕೆಗೆ ತಂದರು. ಆಮೇಲೆ ಆಸ್ಮಿಯಂ ಸಂಯುಕ್ತಗಳನ್ನು ಪಾಲಿಮರಿಗೆ ಕಟ್ಟಿ ಕಿಣ್ವವನ್ನು ಎಲೆಕ್ಟ್ರೋಡಿಗೆ ಬೆಸೆಯುವ ವಿಧಾನವನ್ನು ಆ್ಯಡಮ್ ಹೆಲ್ಲರ್ ರೂಪಿಸಿದರು. ಇಂದಿನ ಹಲವು ಮೀಟರುಗಳ ಪರೀಕ್ಷಾ ಪಟ್ಟಿಗಳಲ್ಲಿ ಆಕ್ಸಿಡೇಸ್ ಬದಲು ಡಿಹೈಡ್ರೊಜಿನೇಸ್ ಕಿಣ್ವವಿರುತ್ತದೆ. ಆದರೆ ಎಲೆಕ್ಟ್ರಾನನ್ನು ಕಿಣ್ವದಿಂದ ಲೋಹಕ್ಕೆ ದಾಟಿಸಲು ಮಧ್ಯವರ್ತಿ ಅಣು ಅವುಗಳಲ್ಲೂ ಬೇಕೇ ಬೇಕು.